ತಟ್ಟೆ ಎತ್ತರಿಸಿದ ಮೇಲೆ ರ್‍ಯಾಕ್ ಓಲಾಡ್ತಿದೆ, ಏನ್ ಮಾಡ್ಲಿ?

ಪ್ರಶ್ನೆ:
ಅಡುಗೆಮನೇಲಿ ಆರಡಿ ಎತ್ತರದ, ಉದ್ದಕ್ಕೂ ತೂತಿರುವ ಕಬ್ಬಿಣದ ಆಂಗಲ್ ರ್‍ಯಾಕ್ ಇದೆ, ಐದು ತಟ್ಟೆ. ಅಕ್ಕಿ ಡಬ್ಬ ಹಿಡಿಸಲಿ ಅಂತ ಹೋದ ಭಾನುವಾರ ಎರಡನೇ ತಟ್ಟೆ ಬಿಚ್ಚಿ ಮೇಲೇರಿಸಿದೆ. ಅವತ್ತಿಂದ ಉಪ್ಪಿನಕಾಯಿ ಭರಣಿ ಮುಟ್ಟಿದ್ರೆ ಸಾಕು, ಇಡೀ ರ್‍ಯಾಕ್ ಉಯ್ಯಾಲೆ. "ನಿನ್ ಎಂಜಿನಿಯರಿಂಗ್ ಸಾಕಮ್ಮ" ಅಂತಾರೆ ಅತ್ತೆ. ಎರಡು ವರ್ಷದ ಮಗಳು ಬೇರೆ ಕಂಡಿದ್ದಕ್ಕೆಲ್ಲ ಹತ್ತುತ್ತಾಳೆ.

ಉತ್ತರ 1:
ಮೂಲೆಯ ತ್ರಿಕೋನ ಪ್ಲೇಟ್ ವಾಪಸ್ ಹಾಕಿದ್ರಾ? ಬರೀ ನಟ್ಟು ಬೋಲ್ಟಿನ ಚೌಕ ಪಕ್ಕಕ್ಕೆ ವಾಲುತ್ತೆ, ತ್ರಿಕೋನ ವಾಲಲ್ಲ. ನಟ್ಟೆಲ್ಲ ಸಡಿಲ ಬಿಟ್ಟು, ರಸಮಟ್ಟ ಇಟ್ಟು ನೇರ ಮಾಡಿ, ಆಮೇಲೆ ಬಿಗಿ ಮಾಡಿ. ಒಂದೊಂದೇ ಬಿಗಿ ಮಾಡ್ತಾ ಹೋದ್ರೆ ಸೊಟ್ಟ ನಿಲ್ಲುತ್ತೆ.

ಉತ್ತರ 2:
ಮಗು ಇದೆ ಅಂದ್ರೆ ಗೋಡೆಗೆ ಕಟ್ಟಲೇಬೇಕು. ಮೇಲ್ಗಡೆ ಎರಡು ಎಲ್ ಕ್ಲಾಂಪ್ ಹಾಕಿ. ಸ್ಕ್ರೂ ಗಾರೆ ದಾಟಿ ಇಟ್ಟಿಗೆಗೆ ಹೋಗ್ಬೇಕು, ಒಂದಿಂಚಿನದು ಸಾಲದು. ಅಕ್ಕಿ, ಎಣ್ಣೆ ಕ್ಯಾನ್ ಕೆಳಗಿರಲಿ.

ಪ್ರಶ್ನೆ ಕೇಳಿದವರು:
ಪ್ಲೇಟ್ ಸಿಕ್ತು! ನಾಲ್ಕೂ ಮಗಳ ಆಟಿಕೆ ಬುಟ್ಟೀಲಿ, ದೋಸೆ ಅಂತೆ ಅವು. ಹಾಕಿದ್ಮೇಲೆ ಮುಕ್ಕಾಲು ಪಾಲು ಅಲ್ಲಾಟ ನಿಂತಿದೆ. ಬಾಡಿಗೆ ಮನೆ, ಗೋಡೆ ಕೊರೆಯೋಕೆ ಓನರ್ ಆಂಟಿ ಒಪ್ಪಿಗೆ ಬೇಕು. ಸಂಜೆ ಒಂದು ಡಬ್ಬಿ ಚಕ್ಕುಲಿ ಹಿಡ್ಕೊಂಡು ಹೋಗಿ ಕೇಳ್ತೀನಿ.