30 ಸಾವಿರದಾಗ ಹೋಮ್ ಥಿಯೇಟರ್ ರಿಸೀವರ್ ಯಾವ್ದು ತಗೋಬೇಕ್ರಿ? (ಪ್ರಶ್ನೋತ್ತರ)

ಪ್ರಶ್ನೆ (ಆಳಂದ ರಸ್ತೆ, ಕಲಬುರಗಿ): ನಮಸ್ಕಾರ್ರಿ ಅಣ್ಣೋರೆ, ನಮ್ಮನ್ಯಾಗ ಹಳೇ ಡಿವಿಡಿ ಹೋಮ್ ಥಿಯೇಟರ್ ಸೆಟ್ ಅದ, ಅದರ ಪ್ಲೇಯರ್ ಖರಾಬ್ ಆಗ್ಯದ ಆದ್ರ 5 ಸ್ಪೀಕರು, ಸಬ್‌ವೂಫರ್ ಎಲ್ಲಾ ಛಲೋ ಅವ. ಬರೇ ರಿಸೀವರ್ (ಟಿವಿ ಸೌಂಡ್ ತಗೊಂಡು ಎಲ್ಲಾ ಸ್ಪೀಕರ್ ಓಡಿಸೋ ಡಬ್ಬಿ) ತಗೊಂಡು ಅವನ್ನೇ ಹಚ್ಚಬೇಕಂತ ಮಾಡೀನಿ. ಬಜೆಟ್ 30 ಸಾವಿರ, ಭಾಳ ಅಂದ್ರ 35. ಖೋಲಿ 12ಕ್ಕ 14 ಫೂಟ್. ಅಂಗಡ್ಯಾಗ 1000 ವ್ಯಾಟಿಂದು ತಗೋರಿ ಅಂತಾರ. ನಮ್ಮ ಅಪ್ಪಾಜಿಗೆ ಟಿವಿ ಮಾತು ಸರಿ ತಿಳಿಯಂಗಿಲ್ಲ, ಅದಕ್ಕೇ ಇಷ್ಟು ಕೇಳಾಕತ್ತೀನಿ.

ಉತ್ತರ (ಆಡಿಯೋ ರಿಪೇರಿ, ಸೂಪರ್ ಮಾರ್ಕೆಟ್): ನಮಸ್ಕಾರ್ರಿ. ಮೊದಲ ಆ ಸ್ಪೀಕರ್ ತಿರುವಿ ಹಿಂದ ಎಷ್ಟು ಓಮ್ (ಕರೆಂಟಿಗೆ ಸ್ಪೀಕರ್ ಕೊಡೋ ತಡೆ) ಅಂತ ಬರದಾರ ನೋಡ್ರಿ. ಇಂಥ ಸೆಟ್ಟಿನ ಸ್ಪೀಕರ್ ಎಷ್ಟೋ 3 ಇಲ್ಲಾ 4 ಓಮಿಂದು ಇರ್ತಾವ, ನಿಮ್ಮ ಬಜೆಟಿನ ರಿಸೀವರ್ ಸಾಮಾನ್ಯವಾಗಿ 6 ಓಮ್ ಮತ್ತ ಅದಕ್ಕಿಂತ ಮ್ಯಾಲಿಂದ ಕೇಳ್ತಾವ. ಓಮ್ ಅರ್ಧಾ ಆದ್ರ ಅದೇ ವಾಲ್ಯೂಮಿಗೆ ಕರೆಂಟ್ ಡಬಲ್ ಎಳೀತದ, ಒಳಗಿನ ಟ್ರಾನ್ಸಿಸ್ಟರ್ ಕಾಯ್ತಾವ, ಸೌಂಡ್ ಜರಾ ಏರಿಸಿದ ಕೂಡ್ಲೇ ಪ್ರೊಟೆಕ್ಷನ್‌ಗೆ ಹೋಗಿ ಬಂದ್ ಆಗ್ತದ. ಜನ ಆಗ ರಿಸೀವರ್ ಕೆಟ್ಟದ ಅಂತ ನನ್ನ ಕಡೆ ತರ್ತಾರ, ರಿಸೀವರ್ ಪಾಪ ಸರೀನೇ ಇರ್ತದ.

ಸಬ್‌ವೂಫರಿಂದೂ ಹಂಗೇ. ಅದಕ್ಕ ಬ್ಯಾರೆ ಕರೆಂಟ್ ವಾಯರ್ ಇಲ್ಲಂದ್ರ ಅದು ಪ್ಯಾಸಿವ್, ಅಂದ್ರ ಒಳಗ ಆಂಪ್ (ಸಿಗ್ನಲ್ ದೊಡ್ಡದು ಮಾಡೋ ಭಾಗ) ಇಲ್ಲದ್ದು, ರಿಸೀವರಿನ ಸಬ್ ಔಟ್‌ನಾಗ ಬರೋದು ಬರೇ ಸಣ್ಣ ಸಿಗ್ನಲ್, ಅದರಿಂದ ಓಡಂಗಿಲ್ಲ. ಒಳಗೇ ಆಂಪ್ ಇರೋ ಸಬ್ ಬೇಕು.

ಇನ್ನ 1000 ವ್ಯಾಟ್ ಅನ್ನೋದು ಮನಸಿನ್ಯಾಗಿಂದ ತೆಗೀರಿ. ಉದಾಹರಣೆಗೆ ಯಮಾಹಾ ಆರ್‌ಎಕ್ಸ್-ವಿ385 ಅನ್ನೋದು 5.1 ಚಾನಲಿಂದು (ಐದು ಸ್ಪೀಕರು, ಒಂದು ಸಬ್), ಅದನ್ನ 6 ಓಮಿಗೆ, ಎರಡು ಚಾನಲ್ ಓಡಿಸಿ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್ ತನಕ ಅಳೆದ್ರ ಒಂದೊಂದಕ್ಕ 70 ವ್ಯಾಟ್, ಒಂದೇ ಚಾನಲ್ 1 ಕಿಲೋಹರ್ಟ್ಸ್‌ದಾಗ ಅಳೆದ್ರ 100. ಡಬ್ಬಿ ಒಂದೇ, ಅಳತಿ ಬ್ಯಾರೆ. ವ್ಯಾಟ್ ಡಬಲ್ ಆದ್ರೂ ಸೌಂಡ್ ಏರೋದು ಬರೇ 3 ಡೆಸಿಬಲ್. ನಿಮ್ಮ ಖೋಲಿಗೆ ಆ 70 ವ್ಯಾಟೇ ಧಾರಾಳ ಆಯ್ತು.

ಅಪ್ಪಾಜಿಯವರ ಸಲುವಾಗಿ ಹೇಳ್ತೀನಿ, ರೊಕ್ಕ ಸೆಂಟರ್ ಸ್ಪೀಕರ್ ಮ್ಯಾಲ ಹಾಕ್ರಿ. ಪಿಕ್ಚರಿನ್ಯಾಗ ಮಾತು ಹೆಚ್ಚಾಗಿ ಅದ್ರಾಗಿಂದೇ ಬರ್ತದ. ಈಗ ಸಾದಾ 5.1 ರಿಸೀವರ್ ತಗೊಂಡು ಮುಂದಿನ ಎರಡು, ನಡುವಿಂದು ಒಂದು, ಮೂರೇ ಸ್ಪೀಕರ್ ಹಚ್ಚರಿ, ಎಲ್ಲಾ 6 ಇಲ್ಲಾ 8 ಓಮಿಂದು, ಉಳಿದಿದ್ದಕ್ಕ ಸೆಟ್ಟಿಂಗ್‌ನಾಗ ಇಲ್ಲ ಅಂತ ಕೊಟ್ರ ಆ ಸೌಂಡ್ ಇವಕ್ಕೇ ಹಂಚಿ ಹೋಗ್ತದ. ಹಿಂದಿನ ಎರಡು ಮತ್ತ ಸಬ್ ಮುಂದಿನ ವರ್ಷ ತಗೋಬಹುದು. ಮೂರೂ ಹೊಸಾವು 35ರಾಗ ಕೂಡಂಗಿಲ್ಲ ಅಂದ್ರ ಸ್ಪೀಕರ್ ಸೆಕೆಂಡ್ ಹ್ಯಾಂಡ್ ತಗೋರಿ, ಅದ್ರಾಗ ಕೆಡೋದು ಕಮ್ಮಿ. ಸೆಂಟರ್ ಲೆವೆಲ್ 2-3 ಡೆಸಿಬಲ್ ಏರಿಸ್ರಿ.

ಮತ್ತ ನಮ್ಮ ಕಡೆ ಮನಿ ಹೆಂಗಿರ್ತಾವ, ಕೆಳಗ ಶಹಾಬಾದ್ ಪರಸಿ, ಸುತ್ತ ಬರೇ ಗ್ವಾಡಿ, ಮಾತು ಎಲ್ಲಾ ಗುಂಯ್ ಅಂತದ. ಕೆಳಗ ದಪ್ಪನ್ನ ಜಮಖಾನಿ ಹಾಸ್ರಿ, ಎದುರಿನ ಗ್ವಾಡಿಗೆ ಅವ್ವಾರು ಹೊಲಿದ ಕೌದಿ ತೂಗುಹಾಕ್ರಿ, ಖರೇನೇ ಫರಕ್ ಗೊತ್ತಾಗ್ತದ.

ಮರು ಪ್ರಶ್ನೆ (ಆಳಂದ ರಸ್ತೆ): ನೋಡಿದೆ ಅಣ್ಣೋರೆ, 3 ಓಮ್ ಅಂತೇ ಅದ, ಸಬ್‌ಗೂ ಕರೆಂಟ್ ವಾಯರ್ ಇಲ್ಲ. ಹೊಸಾದು ತಗೊಂಡ್ರ ಬಾಳಿಕಿ ಬರಾಕ ಏನ್ ಮಾಡ್ಬೇಕ್ರಿ?

ಉತ್ತರ: ಗಾಳಿ ಕೊಡ್ರಿ. ಬ್ಯಾಸಗ್ಯಾಗ ಇಲ್ಲಿ 42-43 ಡಿಗ್ರಿ ಅಂದ್ರ ಹೊರಗಿಂದೇ ಕುದೀತಿರ್ತದ, ರಿಸೀವರನ್ನ ಗಾಜಿನ ಬಾಗಲದ ಟಿವಿ ಯುನಿಟ್‌ನಾಗ ಇಟ್ಟು ಮ್ಯಾಲ ಸೆಟ್ ಟಾಪ್ ಬಾಕ್ಸ್ ಕೂಡ್ಸಿದ್ರ ಒಳಗಿನ ಕೆಪಾಸಿಟರ್ ಆಯುಷ್ಯ ಕಮ್ಮಿ ಆಗ್ತದ. ಮ್ಯಾಲ ಕಮ್ಮೀತ ಕಮ್ಮಿ ಒಂದು ಗೇಣು ಬಿಡ್ರಿ. ಇನ್ವರ್ಟರ್ ಮ್ಯಾಲ ಓಡಿಸೋದಾದ್ರ ಸೈನ್ ವೇವ್ ಅದೇನು ಅಂತ ಕೇಳ್ರಿ, ಸ್ಕ್ವೇರ್ ವೇವ್‌ನಾಗ ಟ್ರಾನ್ಸ್‌ಫಾರ್ಮರ್ ಗುರ್ ಅಂತದ, ಬಿಸಿನೂ ಜಾಸ್ತಿ. ಅರ್ಥಿಂಗ್ ಚೆಕ್ ಮಾಡಿಸ್ರಿ. ಮಳಿಗಾಲದಾಗ ಗುಡುಗು ಶುರು ಆತಂದ್ರ ಪ್ಲಗ್ ಜೊತಿಗೆ ಡಿಶ್ ವಾಯರೂ ಕಿತ್ತರಿ, ಸಿಡ್ಲಿನ ಹೊಡೆತ ಆ ವಾಯರಿನಾಗಿಂದ ಬಂದು ಎಚ್‌ಡಿಎಂಐ ಬೋರ್ಡ್ ಸುಟ್ಟಿದ್ದು ನಾನು ಭಾಳ ನೋಡೀನಿ, ಆ ಬೋರ್ಡ್ ಸಿಗೋದೂ ಕಷ್ಟ.

ಪ್ರಶ್ನೆ (ಬೀದರ್): ನನಗ ಒಬ್ರು 2012ರ ರಿಸೀವರ್ 9 ಸಾವಿರಕ್ಕ ಕೊಡ್ತೀನಿ ಅಂತಾರ. ನನ್ನ ಟಿವಿ 4ಕೆ. ತಗೋಬಹುದೇನ್ರಿ ಸರ್?

ಉತ್ತರ: ಆಂಪ್ ಛಲೋ ಇದ್ರ ತಗೋರಿ, ಆದ್ರ ಅಷ್ಟು ಹಳೇದರಾಗ ಎಚ್‌ಡಿಸಿಪಿ 2.2 (4ಕೆ ಚಿತ್ರ ನಕಲು ಆಗದಂಗ ಕಾಯೋ ಬೀಗ) ಇರಂಗಿಲ್ಲ, 4ಕೆ ಬಾಕ್ಸ್ ಅದರ ಮೂಲಕ ಹಚ್ಚಿದ್ರ ಚಿತ್ರ ಸರಿ ಬರಂಗಿಲ್ಲ. ಬಾಕ್ಸ್ ಸೀದಾ ಟಿವಿಗೆ ಹಚ್ಚಿ, ಟಿವಿಯಿಂದ ಆಪ್ಟಿಕಲ್ ವಾಯರ್ ರಿಸೀವರಿಗೆ ತರ್ರಿ, ಡಾಲ್ಬಿ ಡಿಜಿಟಲ್ 5.1 ಅದ್ರಾಗೇ ಬರ್ತದ. ಎಆರ್‌ಸಿ (ಟಿವಿ ಸೌಂಡ್ ಅದೇ ಎಚ್‌ಡಿಎಂಐ ವಾಯರಿನಾಗ ರಿಸೀವರಿಗೆ ವಾಪಸ್ ತರೋದು) ಬಂದಿದ್ದು 2009ರ ಎಚ್‌ಡಿಎಂಐ 1.4ರ ಜೊತಿಗೆ, ಹಂಗಾಗಿ ಅದೂ ಇದ್ರೂ ಇರಬಹುದು, ಹಿಂದ ಔಟ್ ಅಂತ ಇದ್ದಲ್ಲಿ ಎಆರ್‌ಸಿ ಅಂತ ಬರದದೇನು ನೋಡ್ರಿ. ರೊಕ್ಕ ಕೊಡೋಕಿಂತ ಮೊದಲ ಒಂದು ತಾಸು ಜೋರಾಗಿ ಓಡಿಸ್ರಿ, ಒಂದೊಂದೇ ಎಚ್‌ಡಿಎಂಐ ಹಾಕಿ ತೆಗೀರಿ, ಐದೂ ಚಾನಲ್‌ಗೆ ಟೆಸ್ಟ್ ಟೋನ್ ಬಿಡ್ರಿ, ವಾಲ್ಯೂಮ್ ಗುಂಡಿ ತಿರುವಿದಾಗ ಕರಕರ ಅಂದ್ರ ಅಷ್ಟು ಚೌಕಾಸಿ ಮಾಡ್ರಿ.

ಮರು ಪ್ರಶ್ನೆ (ಆಳಂದ ರಸ್ತೆ): ಹಳೇ ಸ್ಪೀಕರ್ ಏನ್ ಮಾಡ್ಲಿ ಅಣ್ಣೋರೆ, ಒಗೀಲಾ?

ಉತ್ತರ: ಒಗೀಬ್ಯಾಡ್ರಿ. ಆ ಕೆಟ್ಟ ಪ್ಲೇಯರ್ ಅಂಗಡಿಗೆ ತರ್ರಿ, ಎಷ್ಟೋ ಸಲ ಬರೇ ಪವರ್ ಸಪ್ಲೈ ಹೋಗಿರ್ತದ, ರಿಪೇರಿ ಆದ್ರ ಅದರ ಆಕ್ಸಿಲರಿ ಇನ್‌ಪುಟ್‌ಗೆ ಟಿವಿ ಹಚ್ಚಿ ನೋಡೋಣ. ಅಪ್ಪಾಜಿಯವ್ರನ್ನೂ ಕರ್ಕೊಂಡ್ ಬರ್ರಿ, ಸೆಂಟರ್ ಸ್ಪೀಕರ್ ಅವರ ಕಿವಿಗೇ ಕೇಳಿಸಿ ಆರಿಸೋಣ.