ವಾರ ಕಳೆದರೂ ಗಾರೆ ಪುಡಿಯಾಗಿ ಉದುರುತ್ತಿದೆ: ಸಿಮೆಂಟು ಹೆಚ್ಚಿಸಬೇಕೇ?

ಪ್ರಶ್ನೆ

ತುಮಕೂರಿನ ನಮ್ಮ ಮನೆಯ ಹಿತ್ತಿಲಿನಲ್ಲಿ, ಹಳೆಯ ಸೈಜುಗಲ್ಲಿನ ಪಾಯದ ಮೇಲೆ, 30 ಅಡಿ ಉದ್ದ ಮತ್ತು 5 ಅಡಿ ಎತ್ತರದ ಒಂಬತ್ತಿಂಚಿನ ಗೋಡೆ ಕಟ್ಟಿಸುತ್ತಿದ್ದೇನೆ. ಏಪ್ರಿಲ್ ಬಿಸಿಲಿನಲ್ಲಿ ಇಟ್ಟಿಗೆಯ ಆರು ವರಸೆ (ಸಾಲು) ಏರಿಸಿ ಮೇಸ್ತ್ರಿಯವರು ಬೇರೆ ಕೆಲಸಕ್ಕೆ ಹೋದರು. ವಾರದ ನಂತರ ಮೂಲೆಯ ಇಟ್ಟಿಗೆಯೊಂದನ್ನು ಅಲುಗಾಡಿಸಿದರೆ ಅದು ಸಲೀಸಾಗಿ ಕೈಗೆ ಬಂತು. ಅದರ ತಳ ಒರೆಸಿಟ್ಟಂತೆ ಶುಚಿಯಾಗಿತ್ತು. ಕೆಳಗೆ ಉಳಿದ ಗಾರೆಯನ್ನು ಮೊಳೆಯಿಂದ ಗೀರಿದರೆ ಪುಡಿಯಾಗಿ ಉದುರಿತು. ಒಂದು ಪಾಲು ಸಿಮೆಂಟಿಗೆ ಆರು ಪಾಲಿನಂತೆ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಬೆರೆಸಿದ್ದಾರೆ. ಇನ್ನು ಮುಂದೆ ಒಂದಕ್ಕೆ ನಾಲ್ಕು ಹಾಕಿಸಿದರೆ ಸರಿಹೋದೀತೇ?

ಉತ್ತರ 1

ಒಂಬತ್ತಿಂಚಿನ ಗೋಡೆಗೆ ಒಂದಕ್ಕೆ ಆರು ಸಾಕು; ಒಂದಕ್ಕೆ ನಾಲ್ಕು ಬೇಕಾಗುವುದು ಸಾಮಾನ್ಯವಾಗಿ ನಾಲ್ಕೂವರೆ ಇಂಚಿನ ಗೋಡೆಗೆ. ಇಟ್ಟಿಗೆಯ ತಳ ಶುಚಿಯಾಗಿತ್ತು ಎಂದಿರಲ್ಲ, ದೋಷ ಎಲ್ಲಿದೆ ಎಂಬುದನ್ನು ಅದೇ ಹೇಳುತ್ತಿದೆ. ಬಿಸಿಲಿನಲ್ಲಿ ಕಾದ ಒಣ ಇಟ್ಟಿಗೆಯನ್ನು ಗಾರೆಯ ಮೇಲೆ ಕೂರಿಸಿದ ಕೂಡಲೇ ಅದು ಗಾರೆಯ ನೀರನ್ನು ಹೀರಿಕೊಳ್ಳುತ್ತದೆ. ಸಿಮೆಂಟು ಗಟ್ಟಿಯಾಗುವುದು ನೀರಿನೊಡನೆ ಸೇರಿ ನಡೆಯುವ ರಾಸಾಯನಿಕ ಕ್ರಿಯೆಯಿಂದಲೇ ಹೊರತು ಒಣಗುವುದರಿಂದಲ್ಲವಾದ್ದರಿಂದ, ನೀರು ಹೋದ ಗಾರೆ ಎಷ್ಟು ದಿನ ಬಿಟ್ಟರೂ ಬಲಗೊಳ್ಳುವುದಿಲ್ಲ, ಇಟ್ಟಿಗೆಯನ್ನು ಹಿಡಿಯುವುದೂ ಇಲ್ಲ. ಒಂದು ಇಟ್ಟಿಗೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ನೋಡಿ. ಗುಳ್ಳೆಗಳು ಬರುವುದು ನಿಲ್ಲುವವರೆಗೆ ನೆನೆಸಿ, ಹೊರತೆಗೆದು, ಮೇಲಿನ ನೀರು ಆರಿದ ಮೇಲೆ ಕಟ್ಟಬೇಕು. ನೀರು ಸುರಿಯುತ್ತಿರುವಾಗಲೇ ಇಟ್ಟರೆ ಇಟ್ಟಿಗೆ ಜಾರಿ ವರಸೆ ತೂಗುಗುಂಡಿನ ದಾರಕ್ಕೆ ನೇರವಾಗಿ ನಿಲ್ಲುವುದಿಲ್ಲ.

ಉತ್ತರ 2

ಮೇಲಿನವರ ಮಾತು ಸರಿ, ಆದರೆ ಗಾರೆಯನ್ನೂ ವಿಚಾರಿಸಿ. ಬೆಳಿಗ್ಗೆ ಒಂದೇ ಸಲಕ್ಕೆ ಇಡೀ ಮೂಟೆ ಕಲಸಿಟ್ಟು, ಅದು ಬಿಗಿಯಾದಂತೆಲ್ಲ ನೀರು ಚಿಮುಕಿಸಿ ಸಂಜೆಯವರೆಗೆ ಬಳಸುವ ಅಭ್ಯಾಸ ನಮ್ಮ ಕಡೆ ಬಹಳ. ಗಟ್ಟಿಯಾಗತೊಡಗಿದ ಗಾರೆಯನ್ನು ಮತ್ತೆ ನೀರು ಹಾಕಿ ಮೆದು ಮಾಡಿದರೆ ಕರಣೆಗೆ ಹಿತವಾಗಬಹುದು, ಗೋಡೆಗೆ ಅಲ್ಲ. ಎರಡು ಗಂಟೆಯೊಳಗೆ ಮುಗಿಯುವಷ್ಟನ್ನೇ, ಈ ಬಿಸಿಲಿನಲ್ಲಿ ಇನ್ನೂ ಕಡಿಮೆ, ಕಲಸಬೇಕು. ಅಳತೆಯನ್ನೂ ಬಾಂಡ್ಲಿಯ ಅಂದಾಜಿಗೆ ಬಿಡಬೇಡಿ: 50 ಕಿಲೋ ಮೂಟೆಯಲ್ಲಿ ಸುಮಾರು ಒಂದೂಕಾಲು ಘನ ಅಡಿ ಸಿಮೆಂಟು ಇರುವುದರಿಂದ ಒಂದಕ್ಕೆ ಆರು ಎಂದರೆ ಏಳೂವರೆ ಘನ ಅಡಿ ಮರಳು.

ಪ್ರಶ್ನೆ ಕೇಳಿದವರು

ಉಳಿದಿದ್ದ ಇಟ್ಟಿಗೆಯೊಂದನ್ನು ಬಕೆಟ್ಟಿಗೆ ಹಾಕಿದೆ. ಸೊರ್ರೆಂದು ಸದ್ದು ಮಾಡುತ್ತ ಬಹಳ ಹೊತ್ತು ಗುಳ್ಳೆ ಬಿಟ್ಟಿತು. ಆಗ ಯಾರೂ ನೆನೆಸಿರಲಿಲ್ಲ, ಗೋಡೆಗೂ ಒಂದು ದಿನ ಮಾತ್ರ ನೀರು ಹೊಡೆದಿದ್ದೆವು. ಈಗ ದಿನವೂ ನೀರು ಹಾಕಿದರೆ ಹಿಡಿಯುವುದೇ?

ಉತ್ತರ 1

ಗಾರೆ ತುಸು ಗಟ್ಟಿಯಾಗಬಹುದು, ಆದರೆ ಬಿಟ್ಟುಹೋದ ಹಿಡಿತ ಮರಳುವುದಿಲ್ಲ. ಇನ್ನೂ ಆರೇ ವರಸೆ ಇರುವಾಗ ಬಿಚ್ಚುವುದೇ ಲೇಸು. ಇಟ್ಟಿಗೆಗಳು ಅಷ್ಟು ಸುಲಭವಾಗಿ ಬರುತ್ತಿರುವುದರಿಂದ ಗಾರೆ ಕೆರೆದು, ತೊಳೆದು ಅವನ್ನೇ ಮತ್ತೆ ಬಳಸಬಹುದು; ನಷ್ಟವಾಗುವುದು ಗಾರೆ ಮತ್ತು ಕೂಲಿ ಮಾತ್ರ. ಪಾಯದ ಮೇಲ್ಮೈಯನ್ನೂ ತೊಳೆದು ತೇವ ಮಾಡಿಸಿ. ಸಂದು 10 ಮಿಲಿಮೀಟರಿನಷ್ಟಿರಲಿ, ನಿಲುವಿನ ಸಂದುಗಳಲ್ಲಿಯೂ ಗಾರೆ ತುಂಬಲಿ. ಎದುರು ಮುಖಕ್ಕಷ್ಟೇ ಬಳಿದು ಒಳಗೆ ಟೊಳ್ಳು ಬಿಡುವುದನ್ನು ನಿಂತು ನೋಡದೆ ಹಿಡಿಯಲಾಗದು. ಐದಡಿಯನ್ನು ಒಂದೇ ದಿನದಲ್ಲಿ ಏರಿಸದೆ ಎರಡು ದಿನಕ್ಕೆ ಹಂಚಿ. ಈಗಿನ ಮೂಟೆಗಳಲ್ಲಿ ಹೆಚ್ಚಿನವು ಪಿಪಿಸಿ (ಹಾರುಬೂದಿ ಬೆರೆಸಿದ, ನಿಧಾನವಾಗಿ ಬಲಗೊಳ್ಳುವ ಸಿಮೆಂಟು) ಆಗಿರುವುದರಿಂದ, ಕನಿಷ್ಠ ಹತ್ತು ದಿನ ಒದ್ದೆ ಗೋಣಿಚೀಲ ಹೊದಿಸಿ ನೀರುಣಿಸಿ.