ಪದಚರ್ಚೆ: ‘ಮಾಡರೇಟ್ ಲೈವ್ಲಿಹುಡ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಕೆನಡಾದ ಮೂಲನಿವಾಸಿಗಳಾದ ಮಿಕ್ಮಾಕ್ ಜನರ ಮೀನುಗಾರಿಕೆ ಹಕ್ಕಿನ ಬಗ್ಗೆ ಬರೆಯುತ್ತಿದ್ದೇನೆ. ಎರಡೇ ಪದಕ್ಕೆ ಮೂರು ದಿನದಿಂದ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲು ಕತೆ. 1993ರ ಆಗಸ್ಟ್‌ನಲ್ಲಿ ಡೊನಾಲ್ಡ್ ಮಾರ್ಷಲ್ ಜೂನಿಯರ್ ಎಂಬ ಮಿಕ್ಮಾಕ್ ವ್ಯಕ್ತಿ ಅಲ್ಲಿನ ನೋವಾ ಸ್ಕೋಷಿಯಾ ಪ್ರಾಂತ್ಯದಲ್ಲಿ 463 ಪೌಂಡ್ ಹಾವುಮೀನು ಹಿಡಿದು 787 ಡಾಲರ್ 10 ಸೆಂಟ್‌ಗೆ ಮಾರಿದರು. ಲೈಸೆನ್ಸ್ ಇಲ್ಲ, ಮೀನು ಹಿಡಿಯಬಾರದ ಕಾಲ ಬೇರೆ. ಕೇಸು ಬಿತ್ತು. 1760–61ರಲ್ಲಿ ಬ್ರಿಟಿಷರು ನಮ್ಮ ಹಿರಿಯರ ಜತೆ ಮಾಡಿಕೊಂಡ ಒಪ್ಪಂದ ಇದೆಯಲ್ಲ ಎಂದು ಅವರು ವಾದಿಸಿದರು. 1999ರ ಸೆಪ್ಟೆಂಬರ್ 17ರಂದು ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಿತು: ಹಿಡಿದು ಮಾರಬಹುದು, ಆದರೆ ‘ಮಾಡರೇಟ್ ಲೈವ್ಲಿಹುಡ್’ ಆಗುವಷ್ಟು ಮಾತ್ರ.

ಅಂದರೆ ಊಟ, ಬಟ್ಟೆ, ಮನೆ, ಮೇಲೊಂದಿಷ್ಟು ಅನುಕೂಲ. ಆಸ್ತಿ ಪೇರಿಸುವಂತಿಲ್ಲ. ಇಷ್ಟೇ ಡಾಲರ್ ಎಂದು ಮಾತ್ರ ಕೋರ್ಟ್ ಹೇಳಲಿಲ್ಲ. 2020ರಲ್ಲಿ ಅದೇ ಸೆಪ್ಟೆಂಬರ್ 17ರಂದು ಸಿಪೆಕ್ನೆಕಾಟಿಕ್ ಎಂಬ ಮಿಕ್ಮಾಕ್ ಸಮುದಾಯ ತನ್ನದೇ ಲಾಬ್‌ಸ್ಟರ್ ಮೀನುಗಾರಿಕೆ ಶುರು ಮಾಡಿದಾಗ ಮೂಲನಿವಾಸಿಗಳಲ್ಲದ ಮೀನುಗಾರರು ತಿರುಗಿಬಿದ್ದರು. ಲಾಬ್‌ಸ್ಟರ್ ಇಡುವ ಕಟ್ಟಡವೊಂದು ಸುಟ್ಟೇಹೋಯಿತು.

ಈಗ ಪದ. ‘ಮಧ್ಯಮ ಜೀವನೋಪಾಯ’ ಅಂದರೆ ಮಧ್ಯಮ ವರ್ಗ ನೆನಪಾಗುತ್ತದೆ. ‘ಮಿತ’ ಅಂದರೆ ಡಾಕ್ಟರು ಪಥ್ಯ ಹೇಳಿದ ಹಾಗೆ. ‘ಹೊಟ್ಟೆಪಾಡು’ ಸೊಗಸಾದ ಮಾತು, ಆದರೆ ‘ಏನೋ ಹೊಟ್ಟೆಪಾಡು ಸ್ವಾಮಿ’ ಎಂದು ಕೈಮುಗಿಯುವಾಗ ಬರುವಂಥದ್ದು. ಹಕ್ಕು ಕೇಳುವವರ ಬಾಯಲ್ಲಿ ಅದು ಬೇಡ. ‘ಸಾಕಷ್ಟು ಸಂಪಾದನೆ’ ಎಂದು ಬರೆದೂ ಬಿಟ್ಟಿದ್ದೆ. ಆಮೇಲೆ ಹೊಳೆಯಿತು, ‘ಅವನು ಸಾಕಷ್ಟು ದುಡ್ಡು ಮಾಡಿದ್ದಾನೆ’ ಅಂದರೆ ಜಾಸ್ತಿಯೇ ಮಾಡಿದ್ದಾನೆ ಅಂತ ಅಲ್ವಾ? ತೀರ್ಪೇ ಉಲ್ಟಾ ಆಗುತ್ತಿತ್ತು.

ಅಮ್ಮನಿಗೆ ವಿವರಿಸಿದೆ. ಬೀನ್ಸ್ ನಾರು ತೆಗೆಯುತ್ತಾ, ‘ಸಂಸಾರ ತೂಗುವಷ್ಟು ಅನ್ನು’ ಅಂದಳು. ನನಗೆ ಹಿಡಿಸಿತು. ತೀರ್ಪಿನಲ್ಲೂ ಮಿಕ್ಮಾಕ್ ಕುಟುಂಬಗಳು, ಇಂದಿನ ಬದುಕಿನ ಮಟ್ಟ ಎಂಬ ಮಾತಿದೆ. ಆದರೆ ಹಕ್ಕು ಒಬ್ಬೊಬ್ಬರದಲ್ಲ, ಇಡೀ ಸಮುದಾಯದ್ದು. ‘ಸಂಸಾರ’ ಅಂದರೆ ಒಂದು ಮನೆಗೆ ಕುಗ್ಗಿಬಿಡುತ್ತದಾ? ಕಾನೂನಿನ ಬರಹಕ್ಕೆ ತೀರಾ ಮನೆಮಾತಾಯಿತು ಅನ್ನಿಸುತ್ತದಾ?

ಇನ್ನೊಂದು ಸಣ್ಣದು. ‘ಮಿಕ್ಮಾಕ್’ ಅನ್ನುವುದೇ ಬಹುವಚನವಂತೆ, ಒಬ್ಬರಾದರೆ ‘ಮಿಕ್ಮಾವ್’. ಹಾಗಾದರೆ ‘ಮಿಕ್ಮಾಕರು’ ತಪ್ಪೇ? ‘ಬುಕ್ಸ್‌ಗಳು’ ಅನ್ನುವ ನಮಗೆ ಇದೇನು ಮಹಾ ಅಂತ ನಾನು ಸುಮ್ನೆ ಬಿಟ್ಟಿದ್ದೇನೆ. ಬೇಡ ಅನ್ನುವವರು ಕಾರಣ ಹೇಳಿ.